ಕೈಮರದ ಕಲ್ಲು

ಕೈಮರದಹುಂಡಿ,
ಗುಂಡ್ಲುಪೇಟೆ ತಾಲ್ಲೂಕು.
12 ಸೆಪ್ಟೆಂಬರ್ 2024

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿ ನೀಲಾವತಿಯ ನಮಸ್ಕಾರ. ನಾನೂ ಅವ್ವನೂ ಗಟ್ಟಿಯಾಗಿದ್ದೇವೆ. ಅತ್ತಿಗೆಯ ಮಂಡಿನೋವು ಹೇಗಿದೆ? ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ಬರೆಯದೆ ಕೂತಿದ್ದೆ, ಬೈದುಕೋ. ಫೋನಿನಲ್ಲಿ ಮಾತಾಡಿ ಮುಗಿಸೋಣವೆಂದರೆ ನೀನು ನಿನ್ನ ಕಿವಿಗಳನ್ನು ಹುಬ್ಬಳ್ಳಿಯ ಕಾರ್ಖಾನೆಯಲ್ಲೇ ಬಿಟ್ಟು ನಿವೃತ್ತನಾದೆ. ಹೋದ ಸಲ ನಾನು ಕಿರುಚಿದ್ದು ನಮ್ಮ ಬೀದಿಗೆಲ್ಲ ಕೇಳಿಸಿತು, ನಿನಗೊಬ್ಬನಿಗೆ ಕೇಳಿಸಲಿಲ್ಲ. ಆದ್ದರಿಂದ ಕಾಗದವೇ ಸರಿ.

ಅವ್ವನ ಕಣ್ಣಿನ ಪೊರೆ ತೆಗೆಸಿದ್ದೇವೆ. ಈಗ ಅವಳಿಗೆ ಎಲ್ಲವೂ ಚೆನ್ನಾಗಿ ಕಾಣುತ್ತದೆ, ಅದೇ ತೊಂದರೆ. ನಾನು ಪಾತ್ರೆ ತೊಳೆದಿಟ್ಟರೆ ಎತ್ತಿ ನೋಡಿ ಮತ್ತೆ ತೊಳೆಯುತ್ತಾಳೆ. ತೊಂಬತ್ತು ದಾಟಿದ ಹೆಂಗಸು ಬೆಳಗಾಗೆದ್ದು ಬಾಗಿಲಿಗೆ ನೀರು ಹಾಕುವುದನ್ನು ಬಿಟ್ಟಿಲ್ಲ. ಮೊಮ್ಮಕ್ಕಳು ಬೇಡವೆಂದರೆ, "ನನ್ ಕೈ ಕಟ್ ಹಾಕಿ ಮೂಲೇಲಿ ಕೂರ್ಸ್ಬುಡಿ ಅತ್ಲಾಗೆ" ಎಂದು ರೇಗುತ್ತಾಳೆ.

ನಾನು ಬರೆಯದೆ ಇದ್ದದ್ದಕ್ಕೆ ಕಾರಣ ಬರೆಯುವ ಕೆಲಸವೇ. ನಮ್ಮ ಕೈಮರದಹುಂಡಿ ಪಟ್ಟಣ ಪಂಚಾಯಿತಿ ಆಗುತ್ತಿದೆ ಅಣ್ಣ. ನಗಬೇಡ, ನಿಜ. ನವೆಂಬರಿನಲ್ಲಿ ಸಮಾರಂಭವಂತೆ. ಆವತ್ತು ಹಂಚಲು ಊರಿನ ಚರಿತ್ರೆಯದೊಂದು ಪುಸ್ತಕ ಆಗಬೇಕಂತೆ. ಅರಿಶಿನ ಮಂಡಿಯ ಮರಿಮಲ್ಲಪ್ಪನವರು ಸಮಿತಿಗೆ ಅಧ್ಯಕ್ಷರು. ಅವರೇ ಮನೆ ಬಾಗಿಲಿಗೆ ಬಂದು, "ಮೇಡಮ್ಮೋರೆ, ಊರಿನ್ ಅರ್ಧ ಜನುಕ್ಕೆ ಅಕ್ಷರ ತಿದ್ಸಿದ್ದೀರಿ. ಚರಿತ್ರೇನ ನೀವಲ್ದೆ ಇನ್ಯಾರ್ ಬರ್ದಾರು?" ಅಂದರು. ಹೊಗಳಿದರೆ ಉಬ್ಬದವರು ಯಾರಿದ್ದಾರೆ, ನಾನೂ ಉಬ್ಬಿದೆ. ಆಮೇಲೆ ಬರೆಯಲು ಕೂತಾಗ ಗೊತ್ತಾಯಿತು, ನಲವತ್ತು ವರ್ಷ ಮಕ್ಕಳಿಗೆ ಕದಂಬರು ಚಾಲುಕ್ಯರು ಎಂದು ಬಾಯಿಪಾಠ ಮಾಡಿಸಿದವಳಿಗೆ ತಾನು ನಿಂತ ನೆಲದ ಬಗ್ಗೆ ಎರಡು ಪುಟ ಬರೆಯುವುದು ಎಷ್ಟು ಕಷ್ಟ ಎಂದು.

ಇರುವುದಾದರೂ ಏನು? ಚಾಮರಾಜನಗರಕ್ಕೊಂದು, ಗುಂಡ್ಲುಪೇಟೆಗೊಂದು, ಹರವೆಗೊಂದು ಕೈ ಚಾಚಿಕೊಂಡು ಒಂದು ಕೈಮರ ನಿಂತಿತ್ತು. ಸುತ್ತ ಬರೀ ಹುರುಳಿ ಹೊಲ. ರಸ್ತೆಗೆ ಜಲ್ಲಿ ಒಡೆಯಲು ಬಂದ ಕೂಲಿಗಳು ಅದರ ಪಕ್ಕ ಗುಡಿಸಲು ಹಾಕಿದರು. ಅಪ್ಪ ಉಡಿಗಾಲದಿಂದ ಅವ್ವನನ್ನೂ ನಿನ್ನನ್ನೂ ನನ್ನಕ್ಕ ಮೂಗಿಯನ್ನೂ ಕರೆದುಕೊಂಡು ಬಂದದ್ದು ಆಗಲೇ. ಕೆಲಸ ಮುಗಿದ ಮೇಲೆ ಉಳಿದವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೋದರು. ನಮ್ಮ ಮನೆ ಮಾತ್ರ ಉಳಿಯಿತು. ಆಮೇಲೆ ಅಪ್ಪನಿಗೆ ರಸ್ತೆ ಗ್ಯಾಂಗಿನ ಕೆಲಸ ಕಾಯಂ ಆಯಿತು, ಚಂದಕವಾಡಿಯಿಂದ ಸೋದರಮಾವನವರು ಬಂದು ಸೇರಿಕೊಂಡರು, ಬಸ್ಸು ನಿಲ್ಲತೊಡಗಿತು. ಬಸ್ಸು ನಿಂತಲ್ಲಿ ಕೇರಳದ ಕುಟ್ಟಪ್ಪ ಚಹದಂಗಡಿ ಇಟ್ಟ. ಅವನ ಸೂರಿನ ತುದಿಯಲ್ಲಿ ನಮಗೆಂದು ಬೇರೆ ಲೋಟ ಸಿಕ್ಕಿಸಿರುತ್ತಿದ್ದರು, ನೆನಪಿದೆಯಾ? ಅವನ ತಪ್ಪೇನಿಲ್ಲ, ಊರಿನವರು ಹಾಗೆ ಮಾಡಿಸಿದ್ದರು. ಮರಿಮಲ್ಲಪ್ಪನವರ ತಂದೆ ಹರವೆ ಕಡೆಯಿಂದ ಬಂದು ಜಮೀನು ಕೊಂಡು ಮಂಡಿ ಹಾಕಿದ್ದು ಅದಕ್ಕೂ ಆಮೇಲೆ.

ಈಗ ನೀನು ಬಂದರೆ ದಾರಿ ತಪ್ಪುತ್ತೀಯ. ಸಣ್ಣ ಈರುಳ್ಳಿ, ಟೊಮೆಟೊ, ಬಾಳೆ ತುಂಬಿಕೊಂಡು ಕೇರಳಕ್ಕೆ ಹೋಗುವ ಲಾರಿಗಳು ಬೆಳಗಿನಿಂದ ಸಾಲುಗಟ್ಟುತ್ತವೆ. ಚೆಂಡುಹೂವಿನ ಕಾಲದಲ್ಲಿ ಊರೆಲ್ಲ ಅದರದೇ ವಾಸನೆ. ಪರೋಟ ಹೋಟೆಲು, ಚಿನ್ನದಂಗಡಿ, ಕಾನ್ವೆಂಟು, ಬಂಡೀಪುರಕ್ಕೆ ಹೋಗುವವರಿಗೆಂದು ಆನೆಯ ಚಿತ್ರ ಬರೆಸಿದ ಲಾಡ್ಜು, ಎಲ್ಲ ಇವೆ. ಹಳೆಯ ಕೈಮರ ಇದ್ದ ಕಡೆಯೇ ಈಗ ದೊಡ್ಡ ಸರ್ಕಲ್ಲು. ನಮ್ಮ ಬೀದಿಗೂ ಕಾಂಕ್ರೀಟು ಬಿದ್ದಿದೆ, ಎಲ್ಲ ಬೀದಿಗಳಿಗೂ ಬಿದ್ದ ಮೇಲೆ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ.

ಮರಿಮಲ್ಲಪ್ಪನವರಿಗೆ ಒಂದು ಕೊರತೆ ಕಾಡುತ್ತಿತ್ತು. ಊರು ಕಟ್ಟುವಾಗ ಮೊದಲು ಒಂದು ಕಲ್ಲು ನೆಡುತ್ತಾರಲ್ಲ, ದನಕರುಗಳನ್ನು ಅದರ ಮುಂದೆ ಹಾಯಿಸಿ ಪೂಜೆ ಮಾಡುವ ಕರುವುಗಲ್ಲು, ಅದು ನಮ್ಮ ಊರಿನಲ್ಲಿ ಇಲ್ಲ. ಕೂಲಿಗಳ ಗುಡಿಸಲಿನಿಂದ ಬೆಳೆದ ಊರಿನಲ್ಲಿ ಕಲ್ಲು ನೆಡುವವರು ಯಾರು? ನಾನು ಹಾಗೇ ಹೇಳಿದೆ. ಅವರು ಒಪ್ಪಲಿಲ್ಲ. "ಕರುವುಗಲ್ಲಿಲ್ದೆ ಊರ್ ಆಗಾಕಿಲ್ಲ ಮೇಡಮ್ಮೋರೆ. ಎಲ್ಲೋ ಮಣ್ಣಲ್ಲಿ ಸೇರ್ಕೊಂಡದೆ, ಉಡುಕ್ಬೇಕು" ಅಂದರು. ಪಾಪ, ಅವರದು ಕಪಟವಲ್ಲ, ನಂಬಿಕೆ.

ಹೋದ ಸೋಮವಾರ ಹೊಸ ಬಸ್‌ಸ್ಟ್ಯಾಂಡಿಗೆಂದು ದೊಡ್ಡ ಹುಣಸೆಮರದ ಸುತ್ತ ಜೆಸಿಬಿಯಲ್ಲಿ ನೆಲ ಸಮ ಮಾಡುತ್ತಿದ್ದರು. ಮರದ ಬುಡದಲ್ಲಿ ಒಂದು ಕಲ್ಲು. ಅದಕ್ಕೆ ಹಳೆಯ ಅರಿಶಿನ ಕುಂಕುಮ ಮೆತ್ತಿಕೊಂಡಿತ್ತು. ಸರಿ, ಸಿಕ್ಕಿತು ಕರುವುಗಲ್ಲು ಎಂದು ಊರಿಗೆ ಊರೇ ಓಡಿತು. ಕಲ್ಲನ್ನು ಎತ್ತಿ, ತೊಳೆದು, ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಮಾಡಿ ತಂದು ಸರ್ಕಲ್ಲಿನಲ್ಲಿ ನೆಟ್ಟರು. ನಾನು ಚರಿತ್ರೆ ಬರೆಯುವವಳಲ್ಲವೇ, ನನ್ನನ್ನೂ ಕರೆದು ಎರಡು ಮಾತಾಡಲು ಮೈಕು ಕೈಗೆ ಕೊಟ್ಟರು. ಕಲ್ಲಿನ ನೆತ್ತಿಯ ಮೇಲೆ ಹಾಲು ನಿಲ್ಲಲೆಂದು ಅಪ್ಪ ಉಳಿಯಲ್ಲಿ ಕೊರೆದ ಗುಳಿ ಕಾಣಿಸಿತು. ಮೂಗಿಯ ಕಲ್ಲು ಅಣ್ಣ ಅದು. ನಮ್ಮ ಮೂಗಿಯ ಕಲ್ಲು. ಅದಕ್ಕೆ ಊರಿನವರೆಲ್ಲ ಅಡ್ಡ ಬೀಳುತ್ತಿದ್ದರು. ನಾನು ಮೈಕನ್ನು ಪಕ್ಕದವರಿಗೆ ಕೊಟ್ಟು ಮನೆಗೆ ಬಂದೆ.

ನಾನು ಅವಳನ್ನು ನೋಡಿದವಳಲ್ಲ. ಅವಳು ಹೋದ ಮೇಲೆ ಹುಟ್ಟಿದವಳು. ಹಿಂದೆ ಎರಡು ಕೂಸು ಕೈಬಿಟ್ಟು ಹೋಗಿದ್ದಕ್ಕೆ ಇವಳಾದರೂ ಉಳಿಯಲಿ ಎಂದು ಹುಟ್ಟಿದ ಕೂಡಲೇ ಮೂಗು ಚುಚ್ಚಿಸಿ ಮೂಗಮ್ಮ ಎಂದು ಹೆಸರಿಟ್ಟದ್ದು, ನಾಲ್ಕು ವರ್ಷಕ್ಕೆ ವಾಂತಿಭೇದಿಯಲ್ಲಿ ಹೋದದ್ದು, ಉಡಿಗಾಲದ ಮಸಣಕ್ಕೆ ಹೊತ್ತುಕೊಂಡು ಹೋಗಲು ಮೇಸ್ತ್ರಿ ರಜೆ ಕೊಡದೆ ಕೈಮರದ ಬುಡದಲ್ಲೇ ಮಣ್ಣು ಮಾಡಿ ಮೇಲೊಂದು ಕಲ್ಲು ನಿಲ್ಲಿಸಿದ್ದು, ಎಲ್ಲ ಅವ್ವ ಹೇಳಿದ್ದೇ. ಕೆಲಸ ಮುಗಿದಾಗ ಅಪ್ಪ ಹೊರಡೋಣ ಅಂದರೆ ಅವ್ವ ಏಳಲಿಲ್ಲವಂತೆ. "ಕೂಸ್ನ ಒಂದ್ನೇ ಬುಟ್ಟು ನಾ ಬರಾಕಿಲ್ಲ" ಅಂದಳಂತೆ. ಆಮೇಲೆ ರಸ್ತೆ ಅಗಲ ಮಾಡುವಾಗ ಅಪ್ಪನೂ ನೀನೂ ಸೇರಿ ಮಗುವನ್ನೂ ಕಲ್ಲನ್ನೂ ಹುಣಸೆಮರದ ಕೆಳಕ್ಕೆ ತಂದಿರಿ. ಅಲ್ಲಿಂದೀಚೆಗೆ ಪ್ರತಿ ಮಾರ್ಲಮಿಗೆ, ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಯ ದಿನ, ಅವ್ವ ಊರಾಚೆಯ ಆ ಮರದ ಕೆಳಗೆ ಹೋಗದೆ ನೀರು ಕುಡಿದವಳಲ್ಲ.

ನಾನು ಬಾಯಿಬಿಟ್ಟರೆ ಏನಾಗುತ್ತದೆ ಎಂದು ನಿನಗೂ ಗೊತ್ತು. ನಮ್ಮ ಬೀದಿಯ ಹೆಣದ ಮೇಲಿನ ಕಲ್ಲಿಗೆ ಅಡ್ಡ ಬಿದ್ದೆವಲ್ಲ ಎಂದು ಅದೇ ಜೆಸಿಬಿಯಲ್ಲಿ ಎತ್ತಿ ಎಸೆದಾರು. ನಮ್ಮ ಹುಡುಗರು ಸುಮ್ಮನಿರುವುದಿಲ್ಲ. ಬಾಯಿಬಿಡದಿದ್ದರೆ ಅವ್ವ ಎಡೆಯ ಮೊರ ಹಿಡಿದುಕೊಂಡು ಬರಿಯ ನೆಲದ ಮುಂದೆ ನಿಲ್ಲಬೇಕು. ಅವಳಿಗೆ ನಾನಿನ್ನೂ ಹೇಳಿಲ್ಲ. ನನಗೆ ಹೆದರಿಕೆ ಅಣ್ಣ.

ಅದಕ್ಕೆ ನಿನ್ನಿಂದ ಒಂದೇ ಸಹಾಯ. ಆವತ್ತು ಅಪ್ಪನ ಜೊತೆ ಇದ್ದವನು ನೀನೊಬ್ಬನೇ. ಮರದ ಯಾವ ಮಗ್ಗುಲಿಗೆ, ಎಷ್ಟು ದೂರಕ್ಕೆ ಮಗುವನ್ನು ಇಟ್ಟಿರಿ? ಅಲ್ಲಿ ಕಾಂಕ್ರೀಟು ಹಾಕುವ ಮೊದಲು ಆ ಜಾಗ ಗುರುತಾಗಬೇಕು. ಮಗು ಎಲ್ಲಿದೆ ಎಂದೇ ತಿಳಿಯದಂತಾದರೆ ಅವ್ವ ಉಳಿಯುವುದಿಲ್ಲ. ಕಾಗದದಲ್ಲಿ ಬರೆದರೂ ಸರಿ, ನೀನೇ ಬಂದು ತೋರಿಸಿದರೆ ಇನ್ನೂ ಒಳ್ಳೆಯದು. ಬೇಸಿಗೆಗೆ ಬಂದು ಮಾವಿನಹಣ್ಣು ತಿಂದು ಹೋಗುತ್ತೀಯ, ಮಾರ್ಲಮಿಗೆ ಮಾತ್ರ ನಿನಗೆ ಬಿಡುವಾಗುವುದಿಲ್ಲ, ನಿವೃತ್ತಿಯಾದ ಮೇಲೂ! ಈ ಸಲವಾದರೂ ಬಾ.

ಅತ್ತಿಗೆಗೆ, ಮಕ್ಕಳಿಗೆ ನನ್ನ ನೆನಪು ತಿಳಿಸು. ನಿನ್ನ ದಾರಿ ನೋಡುವ ತಂಗಿ,

ನೀಲಾವತಿ


ಕೈಮರದಹುಂಡಿ,
6 ಅಕ್ಟೋಬರ್ 2024

ಅಣ್ಣನಿಗೆ ನಮಸ್ಕಾರ.

ನಿನ್ನ ಕಾರ್ಡು ಬಂತು. ಮೂರೇ ಮಾತು. ಕಲ್ಲು ಎಲ್ಲಿದೆಯೋ ಅಲ್ಲೇ ಇರಲಿ, ಅವ್ವನಿಗೆ ಹೇಳಬೇಡ, ಜಾಗದ ವಿಚಾರ ಮತ್ತೆ ಕೇಳಬೇಡ. ಮುಗಿಯಿತು. ನಾನು ಪುಟಗಟ್ಟಲೆ ಬರೆದು ಅತ್ತುಕೊಂಡರೆ ನೀನು ಸರ್ಕಾರಿ ಆದೇಶ ಕಳಿಸಿದ್ದೀಯ. ನನಗೆ ಬಂದ ಕೋಪಕ್ಕೆ ಕಾರ್ಡನ್ನು ಹರಿದು ಒಲೆಗೆ ಹಾಕಿದೆ. ಈಗ ಕೋಪ ಸ್ವಲ್ಪ ಇಳಿದಿದೆ, ಪೂರ್ತಿ ಇಳಿದಿಲ್ಲ. ಆದರೂ ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಅಮಾವಾಸ್ಯೆಯ ದಿನ ಅವ್ವ ಎಂದಿನಂತೆ ಕೋಳಿ ಕೂಗುವ ಮೊದಲೇ ಎದ್ದು ಮಿಂದು ಒಲೆ ಹಚ್ಚಿದಳು. ಅಪ್ಪನ ಎಡೆಗೆ ಮುದ್ದೆ, ಬಾಡು, ಒಂದು ಕಟ್ಟು ಬೀಡಿ. ಅದು ಮನೆಯೊಳಗೆ, ಗೋಡೆಯ ಕಡೆಗೆ. ಮೂಗಿಯದು ಬೇರೆ, ಅನ್ನ, ಪಾಯಸ, ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು. ಅದನ್ನು ಮೊರದಲ್ಲಿಟ್ಟುಕೊಂಡು ತಂಬಿಗೆಯಲ್ಲಿ ನೀರು ಹಿಡಿದು, "ನಡಿಯಮ್ಮಿ, ಬಿಸ್ಲು ಏರ್ತದೆ" ಎಂದು ಬಾಗಿಲಲ್ಲಿ ನಿಂತಳು. ನಾನು ನಮ್ಮ ಬೀದಿಯ ಚಿಕ್ಕಮಾದುವಿನ ಆಟೋ ಕರೆಸಿದ್ದೆ. ದಾರಿಯಲ್ಲಿ ಹೇಳಿಬಿಡುತ್ತೇನೆ ಎಂದುಕೊಂಡೆ. ಆಟೋದಲ್ಲಿ ಬಾಯಿ ತೆರೆದೆ, ಈರುಳ್ಳಿ ಬೆಲೆಯ ಬಗ್ಗೆ ಏನೋ ಮಾತಾಡಿದೆ.

ಹುಣಸೆಮರ ಇದೆ. ಸುತ್ತ ತಗಡಿನ ಬೇಲಿ ಹಾಕಿದ್ದಾರೆ, ಒಳಗೆ ಕಬ್ಬಿಣದ ಸರಳು, ಮರಳು, ಅಗೆದು ಹಾಕಿದ ಕೆಂಪು ಮಣ್ಣು. ಚಿಕ್ಕಮಾದು ಒಂದು ತಗಡನ್ನು ಸರಿಸಿ ದಾರಿ ಮಾಡಿದ. ಅವ್ವ ಒಳಗೆ ಹೋಗಿ ಮರದ ಬುಡ ನೋಡಿದಳು. ಮರವನ್ನು ಒಂದು ಸುತ್ತು ಹಾಕಿದಳು. ಹೊಸ ಕಣ್ಣು, ಎಲ್ಲ ಕಾಣುತ್ತದೆ.

"ಕಲ್ಲೆಲ್ಲಮ್ಮಿ?"

ಆಗ ಹೇಳಿದೆ. ಊರಿನವರು ಕರುವುಗಲ್ಲು ಎಂದುಕೊಂಡದ್ದು, ಮೆರವಣಿಗೆ ಮಾಡಿದ್ದು, ಎಲ್ಲ. ಅವಳು ಕುಸಿದುಬಿಟ್ಟರೆ ಹಿಡಿಯೋಣವೆಂದು ಹತ್ತಿರ ನಿಂತೇ ಹೇಳಿದೆ. ಅವಳು ಕುಸಿಯಲಿಲ್ಲ.

"ಯಾವ್ ಜಾಗುಕ್ ತಕ್ಕೊಂಡೋಗವ್ರೆ?"

"ಸರ್ಕಲ್ಲಿಗೆ ಅವ್ವ. ಹಳೇ ಕೈಮರ ಇತ್ತಲ್ಲ, ಅಲ್ಲಿಗೆ."

"ಕೈಮರ್ದ ತಾವ್ಕಾ?"

"ಹೂಂ."

ಮರದ ಕೆಳಗಿನ ಮಣ್ಣನ್ನು ತಿರುಗಿಯೂ ನೋಡಲಿಲ್ಲ. "ಬಿಸಿ ಆರೋಯ್ತದೆ. ಅಲ್ಲಿಗೇ ಹೋಗನ ನಡಿ" ಅಂದಳು. ನಾನೂ ಚಿಕ್ಕಮಾದುವೂ ಮುಖ ಮುಖ ನೋಡಿಕೊಂಡೆವು.

ಸರ್ಕಲ್ಲಿನಲ್ಲಿ ಕಲ್ಲಿಗೆ ಕಟ್ಟೆ ಕಟ್ಟಿ, ಟೈಲ್ಸ್ ಹಾಕಿ, ಸುತ್ತ ಹೊಳೆಯುವ ಕಂಬಿ ಇಟ್ಟು, ಕರುವುಗಲ್ಲು ಎಂದು ಬೋರ್ಡು ಹಾಕಿದ್ದಾರೆ. ಅವತ್ತು ಅಮಾವಾಸ್ಯೆಯಲ್ಲವೇ, ಚೆಂಡುಹೂವಿನ ಹಾರ ಬೇರೆ. ಅವ್ವ ಕಂಬಿಯ ಬಾಗಿಲು ತೆಗೆದು ಒಳಗೆ ಹೋದಳು. ಹಾರವನ್ನು ಮೆಲ್ಲಗೆ ಪಕ್ಕಕ್ಕೆ ತೆಗೆದಿಟ್ಟು ತಂಬಿಗೆಯ ನೀರಿನಲ್ಲಿ ಕಲ್ಲನ್ನು ತೊಳೆದಳು. ಮಗುವಿನ ತಲೆ ಒರೆಸಿದ ಹಾಗೆ ಸೆರಗಿನಲ್ಲಿ ಒರೆಸಿದಳು. ಗುಳಿಗೆ ಹಾಲು ಬಿಟ್ಟು, ಎಲೆ ಹಾಕಿ, ಅನ್ನ ಪಾಯಸ ಬಡಿಸಿ, ಮೊಟ್ಟೆಯ ಸಿಪ್ಪೆ ಬಿಡಿಸಿ ಎಲೆಯ ಮೇಲಿಟ್ಟಳು.

ಎದುರಿನ ಮಂಡಿಯಿಂದ ಮರಿಮಲ್ಲಪ್ಪನವರ ಮಗ ಮಹದೇವ ಓಡಿ ಬಂದ. ನನ್ನ ಕೈಯಲ್ಲೇ ಓದಿದ ಹುಡುಗ, ಈಗ ಅವನಿಗೇ ಹೊಟ್ಟೆ ಬಂದಿದೆ.

"ಏಯ್ ಅಜ್ಜಿ, ಏನ್ ಮಾಡ್ತಿದ್ದೀಯ? ಊರ್ ಕಲ್ಲು ಕಣಜ್ಜಿ ಇದು! ಪೂಜೆ ಕಲ್ಗೆ ಮೊಟ್ಟೆ ಇಡ್ತೀಯಲ್ಲಾ, ತೆಗಿ, ತೆಗಿ ಮೊದ್ಲು!"

ಅವ್ವ ತಲೆ ಎತ್ತಿ ಅವನನ್ನು ನೋಡಿದಳು. ಜಗಳದ ದನಿಯಲ್ಲ, ವಿಷಯ ತಿಳಿಯದವನಿಗೆ ತಿಳಿಸುವ ದನಿ.

"ನನ್ ಮಗ್ಳು ಕಣಪ್ಪ. ಅವ್ಳಿಗೆ ಮೊಟ್ಟೆ ಅಂದ್ರೆ ಆಸೆ."

ಜನ ಸೇರಿದರು. ಲಾರಿಗಳು ನಿಂತವು. ಇನ್ನು ನಾನು ಸುಮ್ಮನಿದ್ದರೆ ಅವ್ವನಿಗೆ ಅರಳುಮರಳು ಎಂದು ಎತ್ತಿಕೊಂಡು ಹೋಗಿ ಮನೆಗೆ ಬಿಡುತ್ತಿದ್ದರು. ನಾನು ಕಂಬಿ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ, ಮೈಕಿಲ್ಲದೆಯೇ. ಮೂಗಮ್ಮನ ಹೆಸರು, ಅವಳ ಸಾವು, ರಜೆ ಕೊಡದ ಮೇಸ್ತ್ರಿ, ಗುಳಿ ಕೊರೆದ ಅಪ್ಪ. ಮೇಷ್ಟರಗಿತ್ತಿಯ ಗಂಟಲು ಇನ್ನೂ ಹೋಗಿಲ್ಲ ಅಣ್ಣ, ಹಿಂದಿನ ಬೆಂಚಿಗೂ ಕೇಳಿಸುವಂತೆ ಹೇಳಿದೆ. ಗುಂಪಿನಲ್ಲಿ ಒಬ್ಬ, "ಸತ್ತೋರ್ ಕಲ್ಗೆ ಅಡ್ ಬಿದ್ವಾ ನಾವು? ಅದೂ..." ಎಂದು ಶುರು ಮಾಡಿ ನನ್ನ ಮುಖ ನೋಡಿ ನಿಲ್ಲಿಸಿದ. ಉಳಿದ ಮಾತು ಏನೆಂದು ಎಲ್ಲರಿಗೂ ಗೊತ್ತಿತ್ತು. ಚಿಕ್ಕಮಾದು, "ಅದೂ ಏನ್ಲಾ? ಏಳ್ಲಾ ಪೂರ್ತಿಯಾ" ಎಂದು ತೋಳು ಮಡಚಿದ. ಹೊಡೆದಾಟ ಆಗಿಯೇ ಬಿಡುತ್ತಿತ್ತು.

ಅಷ್ಟರಲ್ಲಿ ಮರಿಮಲ್ಲಪ್ಪನವರು ಬಂದರು. ಕಲ್ಲಿನ ಗುಳಿಯನ್ನು ಬಗ್ಗಿ ನೋಡಿದರು. ಅವರ ಮುಖ ಕಪ್ಪಿಟ್ಟಿತು. ಅಷ್ಟು ದಿನ ಕೊಡ ಹೊತ್ತು ಅಭಿಷೇಕ ಮಾಡಿದವರು ಅವರೇ ತಾನೆ. ಮಗನ ಕಡೆ ತಿರುಗಿ, "ಸುಮ್ಕಿರ್ಲಾ. ಮೊದ್ಲು ಆ ಯಮ್ಮ ಎಡೆ ಮುಗಿಸ್ಲಿ" ಅಂದರು. ಅವ್ವ ಮುಗಿಸಿದಳು. ಅಷ್ಟು ಜನರ ನಡುವೆ, ಯಾರೂ ಇಲ್ಲವೇನೋ ಎಂಬಂತೆ, ಅವಸರವಿಲ್ಲದೆ.

ಮಾರನೆಯ ದಿನ ಅವರು ನಮ್ಮ ಮನೆಗೆ ಬಂದರು. ಇಷ್ಟು ವರ್ಷದಲ್ಲಿ ಬಾಗಿಲತನಕ ಬರುತ್ತಿದ್ದವರು, ಆವತ್ತು ಒಳಗೆ ಬಂದು ಕುರ್ಚಿಯ ಮೇಲೆ ಕೂತರು. ಟೀ ಕೊಟ್ಟೆ. ಬಹಳ ಹೊತ್ತು ಲೋಟವನ್ನು ಕೈಯಲ್ಲೇ ಹಿಡಿದುಕೊಂಡಿದ್ದು, ಕೊನೆಗೆ ಕುಡಿದರು.

"ಗೊತ್ತಿಲ್ದೆ ಆಯ್ತು ಮಲ್ಲಿಗಕ್ಕ" ಎಂದರು ಅವ್ವನಿಗೆ. "ಕಲ್ಲು ಎಲ್ಲಿತ್ತೋ ಅಲ್ಲಿಗೇ ತಕ್ಕೊಂಡೋಗಿ ಮರ್ಯಾದೆಯಾಗಿ ನಿಲ್ಲಿಸ್ಕೊಡ್ತೀನಿ. ಮರದ್ ಸುತ್ತ ಅಷ್ಟ್ ಜಾಗ ಬುಡಿಸ್ತೀನಿ. ಬಸ್‌ಸ್ಟ್ಯಾಂಡು ಆ ಪಕ್ಕಕ್ಕೆ ಸರೀಲಿ."

ನನಗೆ ಕಣ್ಣು ತುಂಬಿತು. ಇದಕ್ಕಿಂತ ಹೆಚ್ಚಿಗೆ ಏನು ಬೇಕು? ನಾನು ಕೇಳಬೇಕೆಂದಿದ್ದದ್ದನ್ನು ಅವರೇ ಕೊಡುತ್ತಿದ್ದರು. ಅವ್ವ ತಲೆ ಅಲ್ಲಾಡಿಸಿದಳು.

"ಬ್ಯಾಡ ಕಣಪ್ಪ. ಅಲ್ಲೇ ಇರ್ಲಿ."

"ಅಲ್ಲಿ ಇದ್ರೆ ಜನ ಒಪ್ಪಾಕಿಲ್ಲ ಅಕ್ಕ. ಮೂರ್ ರಸ್ತೆ ಕೂಡೋ ಜಾಗ..."

"ಪೂಜೆ ಗೀಜೆ ನಂಗ್ಯಾಕೆ? ಬೋಲ್ಡು ತೆಗ್ಸಿ. ನಿಮ್ ಕರುವುಗಲ್ಲು ಬ್ಯಾರೆ ನೆಟ್ಕಳಿ. ಈ ಕಲ್ಲು ಮಾತ್ರ ಅಲ್ಲಿಂದ ಅಲ್ಲಾಡಿಸ್ಬ್ಯಾಡಿ. ಇನ್ನೇನೂ ಕೇಳಾಕಿಲ್ಲ ನಾನು."

ಮರಿಮಲ್ಲಪ್ಪನವರು ಒಪ್ಪಿ ಎದ್ದರು. ಅವರು ಹೋದ ಮೇಲೆ ನಾನು ಅವ್ವನ ಮೇಲೆ ಹಾರಾಡಿದೆ. "ಮಗು ಇರುವುದು ಮರದ ಕೆಳಗೆ, ಕಲ್ಲು ಸರ್ಕಲ್ಲಿನಲ್ಲಿ ಲಾರಿ ಹೊಗೆ ಕುಡಿಯುತ್ತಾ ನಿಂತಿರಬೇಕಾ? ಅವರೇ ಕೊಡುತ್ತೇನೆಂದರೂ ಬೇಡವೆನ್ನುತ್ತೀಯಲ್ಲ, ಯಾವ ಬುದ್ಧಿ ಇದು?" ಅಂದೆ. "ಇರ್ಲಿ ಬುಡು" ಎಂದು ಮೊರವನ್ನು ಗೋಡೆಗೆ ನೇತುಹಾಕಿದಳು, ಅಷ್ಟೇ. ಆಗ ನಿನ್ನ ಮೇಲಿನ ಕೋಪವೂ ಸೇರಿಕೊಂಡಿತು. ನೀನು ಬಂದು ಇದೇ ಜಾಗ ಎಂದು ಕೈತೋರಿಸಿದ್ದರೆ ಅವ್ವ ಹೀಗೆ ಹಟ ಹಿಡಿಯುತ್ತಿದ್ದಳಾ? ತಂಗಿ ಒಬ್ಬಳೇ ಊರಿನ ಎದುರಿಗೆ ನಿಂತಳಲ್ಲ, ಒಂದು ಸಾಲಾದರೂ ಬರೆಯಬಾರದಿತ್ತಾ? ಹೆತ್ತವಳಿಗೆ ಮಗು ಎಲ್ಲಿದೆ ಎಂದು ಹೇಳಲು ನಿನಗೆ ಅಷ್ಟು ಕಷ್ಟವೇನು?

ಪುಸ್ತಕದ ಮೊದಲ ಪುಟವನ್ನು ಹರಿದು ಹಾಕಿ ಹೊಸದಾಗಿ ಬರೆದಿದ್ದೇನೆ. "ಈ ಊರಿನಲ್ಲಿ ಮೊದಲು ಮಣ್ಣಾದವಳು ಚೆಲುವಯ್ಯ ಮಲ್ಲಿಗಮ್ಮರ ಮಗಳು ಮೂಗಮ್ಮ. ಅವಳನ್ನು ಬಿಟ್ಟು ಹೋಗಲಾರದೆ ಅವಳ ತಾಯಿ ಇಲ್ಲಿ ಉಳಿದಳು. ಹಾಗೆ ಊರಾಯಿತು." ಸಮಿತಿಯಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿಲ್ಲ. ಮರಿಮಲ್ಲಪ್ಪನವರೂ, "ಶುಭ ಕಾರ್ಯದ್ ಪುಸ್ತಕ, ಸಾವಿಂದ ಸುರು ಮಾಡದ್ ಬ್ಯಾಡ ಮೇಡಮ್ಮೋರೆ" ಎಂದು ತಲೆ ಕೆರೆದುಕೊಂಡರು. ಟೀ ಕುಡಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಆ ಸಾಲು ತೆಗೆದರೆ ನನ್ನ ಹೆಸರನ್ನೂ ತೆಗೆಯಿರಿ ಎಂದು ಹೇಳಿ ಬಂದಿದ್ದೇನೆ. ನೋಡೋಣ.

ಬೈದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಬೈಯಲು ನನಗೆ ಬೇರೆ ಅಣ್ಣ ಇಲ್ಲ. ನೀನೂ ಅತ್ತಿಗೆಯೂ ಮಕ್ಕಳೂ ನೂರು ಕಾಲ ಚೆನ್ನಾಗಿರಿ ಎಂದು ಅವ್ವ ಹರಸಿದ್ದಾಳೆ.

ನಿನ್ನ ತಂಗಿ,
ನೀಲಾವತಿ

ತಾ.ಕ.: ಲಕೋಟೆಗೆ ಅಂಟು ಹಾಕುವ ಮೊದಲು ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ನಿನಗೆ ಬೈದಿರುವ ಕಡೆ ಬಂದಾಗ ಕೈ ಎತ್ತಿ ನಿಲ್ಲಿಸಿದಳು.

"ಆ ಮಗನ್ನ ಯಾಕಮ್ಮಿ ಜಾಗ ಕೇಳಿ ಗೋಳುಯ್ಕೊತೀಯ? ಮರದ್ ಕೆಳ್ಗೆ ಏನದೆ ಅಂತ ಅವ್ನು ಬಂದು ತೋರ್ಸಾನು? ಕೂಸು ಅಲ್ಲಿಲ್ಲ. ರಸ್ತೆ ಅಡೀಲಿ ಅದೆ. ಕೈಮರದ್ ಬುಡದಲ್ಲಿ ನಾವು ಎಲ್ಲಿ ಮಣ್ ಮಾಡಿದ್ವೋ ಅಲ್ಲೇ ಅದೆ."

ನಿನಗೆ ಯಾರು ಹೇಳಿದರು ಅವ್ವ ಎಂದು ಕೇಳಿದೆ.

"ಯಾರ್ ಏಳ್ಬೇಕು? ಅವತ್ತು ನಿಮ್ಮಪ್ಪನೂ ನಿಮ್ಮಣ್ಣ ಶಾಂತನೂ ಕಲ್ ನಿಲ್ಸಿ ಸಂಜೆಗೆ ಬಂದ್ರು. ಕೂಸ್ನೂ ತಂದು ಅಲ್ಲೇ ಮಣ್ ಮಾಡ್ಬುಟ್ವಿ ಅಂದ್ರು. ಅಂದೋರು ಬರೀ ಕೈಕಾಲ್ ತೊಳ್ಕಂಡು ಒಳಕ್ ಬಂದು ಉಣ್ಣಾಕ್ ಕೂತ್ರು. ತಲೇಗ್ ನೀರ್ ಉಯ್ಕನಿಲ್ಲ. ಯಾರ್ದೋ ಮಣ್ಣಿಗ್ ಹೋಗಿ ದೂರ ನಿಂತ್ ಬಂದ್ರೂ ತಲೇಗ್ ನೀರ್ ಬೀಳ್ದೆ ಹೊಸ್ಲು ದಾಟ್ದೋನಲ್ಲ ನಿಮ್ಮಪ್ಪ. ಹೆತ್ ಕೂಸಿನ್ ಮೂಳೆ ಮುಟ್ಟಿದ್ರೆ ಹಂಗೇ ಬಂದು ಮುದ್ದೆ ಮುರೀತಿದ್ನಾ? ಅಷ್ಟೊತ್ಗೆ ಅವ್ರು ಜಲ್ಲಿ ಸುರ್ದು ರೋಲರ್ ಓಡಿಸ್ಬುಟ್ಟಿರ್ಬೇಕು. ಪಾಪ, ಕಲ್ಲಷ್ಟೇ ಸಿಕ್ಕಿರ್ಬೇಕು."

ಹಾಗಾದರೆ ಇಷ್ಟು ವರ್ಷ ಆ ಮರದ ಕೆಳಗೆ ಯಾಕೆ ಎಡೆ ಇಟ್ಟೆ ಅವ್ವ ಎಂದೆ.

"ಇನ್ನೇನ್ ಮಾಡ್ಲಿ? ಆ ಮನ್ಸ ಅದೇ ರಸ್ತೆ ಮ್ಯಾಲೆ ದಿನಾ ಗುದ್ಲಿ ಇಡ್ಕಂಡು ದುಡೀಬೇಕಾಗಿತ್ತು. ನಂಗೆ ಗೊತ್ತು ಅಂತ ಅವ್ನಿಗ್ ಗೊತ್ತಾಗಿದ್ರೆ ಅಲ್ಲಿ ಹೆಂಗ್ ನಿಂತಾನು? ಅದ್ಕೇ ನಂಬ್ದೋಳಂಗೆ ಎಡೆ ಇಟ್ಕೊಂಡ್ ಬಂದೆ. ಈಗ ಊರೋರೇ ಎತ್ಕೊಂಡೋಗಿ ಕೂಸಿನ್ ತಾವ್ಕೆ ಇಟ್ಟವ್ರೆ. ಇನ್ಯಾಕ್ ಅಲ್ಲಾಡಿಸ್ಲಿ?"

ಅಣ್ಣ, ನಾನು ಮೇಲೆ ಬರೆದ ಬೈಗುಳವನ್ನು ಹೊಡೆದು ಹಾಕಬೇಕೆಂದು ಪೆನ್ನು ತೆಗೆದೆ, ಅವ್ವ ಬಿಡಲಿಲ್ಲ. ಅದರ ಕೆಳಗೆ ತನ್ನ ಮಾತೊಂದನ್ನು ಬರೆ ಅಂದಳು. ಅವಳು ಹೇಳಿದ ಹಾಗೆಯೇ ಬರೆದಿದ್ದೇನೆ.

"ಶಾಂತಾ, ಅವ್ವಂಗೆ ಮೊದ್ಲಿಂದ್ಲೂ ಗೊತ್ತು ಕಣ್ ಮಗಾ. ನೀನು ಮಾರ್ಲಮಿಗೆ ಯಾಕ್ ಬರಾಕಿಲ್ಲ ಅಂತಾನೂ ಗೊತ್ತು. ನಿಮ್ಮಪ್ಪ ಹಂಗೇ ಹೋಗ್ಬುಟ್ಟ. ನೀನಾದ್ರೂ ಬಂದ್ಬುಡು. ನೀರು ನಾನೇ ಕಾಯ್ಸಿ, ನಾನೇ ತಲೇಗ್ ಉಯ್ತೀನಿ."